ಸತ್ತ ಗಿಡವೋ, ಮಲಗಿದ ಗಿಡವೋ? ಮನೆಯಂಗಳದ ಬಹುವಾರ್ಷಿಕ ಸಸ್ಯಗಳನ್ನು ಅರಿಯುವ ಬಗೆ

ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಭಾನುವಾರ, ತಾರಸಿಯನ್ನು ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ನಾನು ಒಣಗಿ ನಿಂತಿದ್ದ ಮೂರು ಕುಂಡಗಳ ಮಣ್ಣನ್ನು ಸುರಿದು, ಅದರೊಳಗಿದ್ದ ಈರುಳ್ಳಿಯಂತಹ ಗೆಡ್ಡೆಗಳನ್ನು ಕಸದ ಬುಟ್ಟಿಗೆ ಹಾಕಿದ್ದೆ. ಊರಿನಿಂದ ಬಂದಿದ್ದ ಅತ್ತೆ ಅವನ್ನು ಬುಟ್ಟಿಯಿಂದ ಹೆಕ್ಕಿ ತೆಗೆದು, "ಮೇ ಫ್ಲವರ್ ಗೆಡ್ಡೆ ಕಣೋ ಇದು. ಸತ್ತಿಲ್ಲ, ಮಲಗಿದೆ. ಮಳೆ ಬೀಳಲಿ ತಡಿ" ಎಂದರು. ಏಪ್ರಿಲ್ ಕೊನೆಯಲ್ಲಿ ಗುಡುಗು ಸಹಿತ ಎರಡು ಮಳೆ ಬಿದ್ದ ಮೇಲೆ, ಮರಳಿ ನೆಟ್ಟ ಮೂರರಲ್ಲಿ ಎರಡು ಗೆಡ್ಡೆಗಳು ಎಲೆಯೇ ಇಲ್ಲದ ದಪ್ಪ ದಂಟಿನ ತುದಿಯಲ್ಲಿ ಕೆಂಪು ಚೆಂಡಿನಂತಹ ಹೂವನ್ನು ಎತ್ತಿ ಹಿಡಿದವು. ಮೂರನೆಯದು ನನ್ನ ಗುದ್ದಲಿಯ ಏಟಿಗೆ ಸೀಳಿ, ಮಣ್ಣಿನೊಳಗೇ ಕೊಳೆತುಹೋಗಿತ್ತು.

ಬಹುವಾರ್ಷಿಕ ಗಿಡಗಳ ಆರೈಕೆಯಲ್ಲಿ ನಾವು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಮಲಗಿದ ಗಿಡಕ್ಕೆ ನೀರು ಸುರಿಯುತ್ತೇವೆ, ಎಚ್ಚರವಾಗಿರುವ ಗಿಡವನ್ನು ಕತ್ತರಿಸುತ್ತೇವೆ, ಬದುಕಿರುವುದನ್ನು ಎಸೆಯುತ್ತೇವೆ, ಸತ್ತದ್ದರ ಮುಂದೆ ತಿಂಗಳುಗಟ್ಟಲೆ ಕಾಯುತ್ತೇವೆ. ಜನಪದ ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುವಂತೆ, ಪ್ರತಿಯೊಂದು ಬಹುವಾರ್ಷಿಕ ಗಿಡವೂ ತನ್ನ ಪ್ರಾಣವನ್ನು ಎಲ್ಲೋ ಒಂದು ಕಡೆ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಆ ಜಾಗ ಯಾವುದೆಂದು ತಿಳಿದರೆ ಎಷ್ಟು ಆಳಕ್ಕೆ ನೆಡಬೇಕು, ಎಲ್ಲಿ ಕತ್ತರಿಸಬೇಕು, ಯಾವಾಗ ನೀರು ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ.

ಹೆಜ್ಜೆ 1: ಗಿಡದ ಜೀವ ಎಲ್ಲಿದೆ ಎಂದು ಗುರುತಿಸಿ

ಚೆಂಡುಹೂ, ಬೆಂಡೆ, ಕೊತ್ತಂಬರಿಗಳು ಒಂದೇ ಹಂಗಾಮಿನಲ್ಲಿ ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತವೆ, ಇವು ಏಕವಾರ್ಷಿಕಗಳು. ಈರುಳ್ಳಿ, ಕ್ಯಾರೆಟ್, ಎಲೆಕೋಸುಗಳು ಮೊದಲ ವರ್ಷ ಆಹಾರ ಕೂಡಿಟ್ಟು ಎರಡನೆಯ ವರ್ಷ ಹೂಬಿಡುವ ಸ್ವಭಾವದವು. ಅವುಗಳನ್ನು ದ್ವೈವಾರ್ಷಿಕ ಎನ್ನುತ್ತಾರೆ. ಮೂರು ಅಥವಾ ಅದಕ್ಕಿಂತ ಹೆಚ್ಚು ವರ್ಷ ಬಾಳುವವು ಬಹುವಾರ್ಷಿಕಗಳು. ಪಠ್ಯಪುಸ್ತಕದ ಈ ವಿಂಗಡಣೆ ಸರಿಯಾದದ್ದೇ ಆದರೂ ತೋಟದ ಕೆಲಸಕ್ಕೆ ಇಷ್ಟು ಸಾಲದು. ಏಕೆಂದರೆ ದಾಸವಾಳವೂ ಬಹುವಾರ್ಷಿಕ, ಅರಿಶಿನವೂ ಬಹುವಾರ್ಷಿಕ. ಆದರೆ ಅರಿಶಿನವನ್ನು ಬುಡಮಟ್ಟಕ್ಕೆ ಕೊಯ್ದರೆ ಏನೂ ಆಗುವುದಿಲ್ಲ, ದಾಸವಾಳವನ್ನು ಹಾಗೆ ಕೊಯ್ದರೆ ಅದು ಮತ್ತೆ ಚಿಗುರುತ್ತದೆ ಎಂಬ ಭರವಸೆ ಇರುವುದಿಲ್ಲ.

ಆದ್ದರಿಂದ ಒಂದು ಸಂಜೆ ನೋಟ್‌ಬುಕ್ ಹಿಡಿದು ಅಂಗಳವನ್ನು ಸುತ್ತಿ, ಪ್ರತಿ ಗಿಡದ ಹೆಸರಿನ ಮುಂದೆ ಅದರ ಜೀವದ ಜಾಗವನ್ನು ಬರೆದುಕೊಳ್ಳಿ. ದಾಸವಾಳ, ಮಲ್ಲಿಗೆ, ಗುಲಾಬಿ, ನಂದಿಬಟ್ಟಲು, ಪಾರಿಜಾತ, ಕರಿಬೇವು ಮುಂತಾದ ಕಟ್ಟಿಗೆ ಕಾಂಡದ ಗಿಡಗಳ ಜೀವ ನೆಲದ ಮೇಲಿನ ರೆಂಬೆಗಳ ಗಿಣ್ಣುಗಳಲ್ಲಿರುತ್ತದೆ. ಸೇವಂತಿಗೆ, ಜರ್ಬೆರಾ, ಮಜ್ಜಿಗೆ ಹುಲ್ಲುಗಳ ಜೀವ ಮಣ್ಣಿನ ಮಟ್ಟದಲ್ಲಿ, ಬುಡದಿಂದ ಒಡೆಯುವ ಹಿಳ್ಳುಗಳಲ್ಲಿದೆ. ಕಾಬಾಳೆ, ಶುಂಠಿ, ಅರಿಶಿನಗಳದ್ದು ನೆಲದಡಿಯಲ್ಲಿ ಅಡ್ಡಡ್ಡ ಹರಿಯುವ ಕಾಂಡದಲ್ಲಿದ್ದರೆ, ಸುಗಂಧರಾಜ, ಮೇ ಫ್ಲವರ್, ಡೇರೆ, ಸುವರ್ಣಗೆಡ್ಡೆಗಳದ್ದು ಗೆಡ್ಡೆಯಲ್ಲಿ. ನಮ್ಮ ಬಾಳೆಯೂ ಇದೇ ಬಳಗದ್ದು. ಕಣ್ಣಿಗೆ ಮರದಂತೆ ಕಂಡರೂ ಅದು ಎಲೆಯ ಬುಡದ ಪಟ್ಟೆಗಳೇ ಒಂದರೊಳಗೊಂದು ಸುತ್ತಿಕೊಂಡು ನಿಂತ ದೊಡ್ಡದೊಂದು ಮೂಲಿಕೆ, ಅಂದರೆ ಕಟ್ಟಿಗೆ ಬೆಳೆಯದ ಗಿಡ. ಗೊನೆ ಕೊಟ್ಟ ದಿಂಡು ಸತ್ತು, ನೆಲದೊಳಗಿನ ಗೆಡ್ಡೆಯಿಂದ ಕಂದು ಮೇಲೇಳುತ್ತದೆ. ಕಬ್ಬು, ಬಾಳೆಗಳಲ್ಲಿ ರೈತರು 'ಕೂಳೆ ಬೆಳೆ' ಎನ್ನುವುದು ಬಹುವಾರ್ಷಿಕ ಸ್ವಭಾವದ ಈ ಲಾಭವನ್ನೇ. ಬಿದಿರು, ಕರಾವಳಿ ಕಡೆಯ ಶ್ರೀತಾಳೆ, 12 ವರ್ಷಕ್ಕೊಮ್ಮೆ ಅರಳುವ ನೀಲಿ ಕುರಿಂಜಿಗಳು ಬಹುಕಾಲ ಬದುಕಿ ಒಂದೇ ಬಾರಿ ಹೂಬಿಟ್ಟು ಸಾಯುವ ವಿಚಿತ್ರ ಬಹುವಾರ್ಷಿಕಗಳು. ಮನೆಯಂಗಳದಲ್ಲಿ ಇದೇ ಸ್ವಭಾವವನ್ನು ನೋಡಬೇಕೆಂದರೆ ಬೇಲಿಯ ಕತ್ತಾಳೆ ಸಾಕು.

ಗಿಡ ಸತ್ತಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಕಟ್ಟಿಗೆ ಕಾಂಡದ ಗಿಡಗಳಿಗೆ ಉಗುರಿನ ಪರೀಕ್ಷೆ ಇದೆ. ತುದಿಯಿಂದ ಆರಂಭಿಸಿ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಒಳಗೆ ಹಸಿರು ಬಣ್ಣ, ತುಸು ತೇವ ಕಂಡರೆ ಆ ಭಾಗ ಬದುಕಿದೆ. ಕಂದು ಬಣ್ಣ ಕಂಡರೆ ಒಂದು ಗೇಣು ಕೆಳಗೆ ಇಳಿದು ಮತ್ತೆ ಕೆರೆಯಿರಿ. ಹಸಿರು ಸಿಕ್ಕಿದ ಜಾಗದ ಮೇಲಿನದೆಲ್ಲವನ್ನೂ ಕತ್ತರಿಸಿದರಾಯಿತು. ಗೆಡ್ಡೆಯ ಗಿಡಗಳಾದರೆ ಬೆರಳಿನಿಂದ ಮಣ್ಣು ಸರಿಸಿ ಗೆಡ್ಡೆಯನ್ನು ಒತ್ತಿ ನೋಡಬೇಕು. ಗಟ್ಟಿಯಾಗಿದ್ದರೆ ಅದು ಮಲಗಿದೆ. ಮೆತ್ತಗಾಗಿ ಹುಳಿ ವಾಸನೆ ಬಂದರೆ ಹೋಗಿದೆ.

ಹೆಜ್ಜೆ 2: ನಿಮ್ಮ ಅಂಗಳದ ವರ್ಷವನ್ನು ಓದಿ

ತೋಟಗಾರಿಕೆಯ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಬರಹ, ವಿಡಿಯೊಗಳಲ್ಲಿ ಹೆಚ್ಚಿನವು ಹಿಮ ಬೀಳುವ ನಾಡುಗಳಲ್ಲಿ ಹುಟ್ಟಿದವು. ಅಲ್ಲಿ ಗಿಡವನ್ನು ಮಲಗಿಸುವುದು ಚಳಿ, ಎಬ್ಬಿಸುವುದು ವಸಂತ. ನಮ್ಮಲ್ಲಿ ಗಿಡವನ್ನು ಮಲಗಿಸುವುದು ಬಹುಪಾಲು ನೀರಿನ ಕೊರತೆ, ಎಬ್ಬಿಸುವುದು ಮಳೆ. ಈ ವ್ಯತ್ಯಾಸ ತಿಳಿಯದೆ ಅಲ್ಲಿನ ಪಂಚಾಂಗವನ್ನು ಇಲ್ಲಿ ಅನುಸರಿಸಿದವರು ಎರಡು ಬಗೆಯಲ್ಲಿ ಮೋಸ ಹೋಗುತ್ತಾರೆ. ಮೊದಲನೆಯದಾಗಿ, ಅಲ್ಲಿ ಬಹುವಾರ್ಷಿಕ ಎಂದು ಮಾರುವ ಟ್ಯೂಲಿಪ್, ಪಿಯೋನಿಯಂತಹ ಗಿಡಗಳಿಗೆ ಹೂಬಿಡಲು ಹಲವು ವಾರಗಳ ನಿಜವಾದ ಚಳಿ ಬೇಕು. ಫ್ರಿಜ್ಜಿನಲ್ಲಿಟ್ಟು ತಣಿಸಿದ ಟ್ಯೂಲಿಪ್ ಗೆಡ್ಡೆ ಬೆಂಗಳೂರಿನಲ್ಲಿ ಒಂದು ಬಾರಿ ಅರಳಬಹುದು, ಎರಡನೆಯ ವರ್ಷಕ್ಕೆ ಆಸೆ ಇಟ್ಟುಕೊಳ್ಳಬಾರದು. ಎರಡನೆಯದಾಗಿ, ಚಳಿಗೆ ಸಾಯುತ್ತವೆಂಬ ಕಾರಣಕ್ಕೆ ಅಲ್ಲಿ ಏಕವಾರ್ಷಿಕ ಎಂದು ಬೆಳೆಸುವ ಹಲವು ಗಿಡಗಳು ಇಲ್ಲಿ ವರ್ಷಾನುಗಟ್ಟಲೆ ಬಾಳುತ್ತವೆ. ಬಣ್ಣದೆಲೆಯ ಕೋಲಿಯಸ್, ನಿತ್ಯಪುಷ್ಪ, ಬೆಗೋನಿಯಾ ಇದಕ್ಕೆ ಉದಾಹರಣೆ. ಬದನೆ, ಮೆಣಸಿನಕಾಯಿಗಳೂ ಮೂಲದಲ್ಲಿ ಬಹುವಾರ್ಷಿಕಗಳೇ ಆಗಿವೆ. ಸೊರಗು ರೋಗ ತಗಲದ ಬದನೆ ಗಿಡವನ್ನು ಫಸಲು ಇಳಿದ ಮೇಲೆ ಒಂದಡಿ ಎತ್ತರಕ್ಕೆ ಸವರಿ ಗೊಬ್ಬರ ಕೊಟ್ಟರೆ ಅದು ಮತ್ತೆ ಕವಲೊಡೆದು ಕಾಯಿ ಕೊಡುತ್ತದೆ.

ಕರ್ನಾಟಕದೊಳಗೇ ವರ್ಷದ ಲಯ ಒಂದೇ ತೆರನಾಗಿಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಬಹುವಾರ್ಷಿಕ ಗಿಡದ ಮುಖ್ಯ ಶತ್ರು ಬುಡದಲ್ಲಿ ನಿಲ್ಲುವ ನೀರು; ಸುಮಾರು 600 ಮಿ.ಮೀ. ಬೀಳುವ ವಿಜಯಪುರದ ಎರೆಮಣ್ಣಿನಲ್ಲಿ ಬೇಸಿಗೆಯ ಬಿರುಕು. ಮಲೆನಾಡು, ಕರಾವಳಿಯವರು ಗೆಡ್ಡೆಗಳನ್ನು ಏರಿಸಿದ ಮಡಿಯ ಮೇಲೆ ನೆಟ್ಟರೆ, ಬಯಲುಸೀಮೆಯವರು ಗಿಡವನ್ನು ಪಾತಿಯ ತಗ್ಗಿನಲ್ಲಿ ನೆಡುವುದಕ್ಕೆ ಕಾರಣ ಇದು. ಪಕ್ಕದ ಜಿಲ್ಲೆಯ ಸ್ನೇಹಿತರ ಸಲಹೆಯನ್ನು ಕೂಡ ಈ ಜರಡಿಯಲ್ಲಿ ಸೋಸಿಯೇ ತೆಗೆದುಕೊಳ್ಳಬೇಕು.

ಬೆಳಕಿನ ಅವಧಿಯೂ ಒಂದು ಪಂಚಾಂಗವೇ. ಸೇವಂತಿಗೆ ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಹಿಡಿಯುವ ಗಿಡ. ನಮ್ಮ ಕಾಂಪೌಂಡಿನ ಬೀದಿಯ ಬದಿಗೆ ನೆಟ್ಟ ಸೇವಂತಿಗೆ ಎರಡು ವರ್ಷ ಮೊಣಕಾಲೆತ್ತರ ಬೆಳೆದು ಸೊಪ್ಪಾಗಿಯೇ ನಿಂತಿತ್ತು. ಅದೇ ಬುಡದಿಂದ ಕಿತ್ತು ಹಿತ್ತಲಿಗೆ ಒಯ್ದ ಹಿಳ್ಳುಗಳು ನವೆಂಬರಿನಲ್ಲಿ ಹಳದಿ ಹೂವಿನಿಂದ ತುಂಬಿದವು. ಗೊಬ್ಬರ, ಔಷಧ ಎಂದು ಪರದಾಡಿದ ನಂತರ ಹೊಳೆದದ್ದು ಬೀದಿ ದೀಪ. ರಾತ್ರಿಯಿಡೀ ಉರಿಯುವ ದೀಪದ ಕೆಳಗೆ ಸೇವಂತಿಗೆಗೆ ಉದ್ದನೆಯ ರಾತ್ರಿ ಸಿಗುವುದೇ ಇಲ್ಲ.

ಹೆಜ್ಜೆ 3: ತಿಂಗಳು ತಿಂಗಳಿಗೂ ಒಂದು ಹೂವಿರುವಂತೆ ಆರಿಸಿ

20ನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನ್ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್, ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದವರು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಉಳಿದ ಒಂದು ಪಟ್ಟಿ ಮಣ್ಣಿಗೂ ಈ ಉಪಾಯ ಸಲ್ಲುತ್ತದೆ. ಜನವರಿ, ಫೆಬ್ರವರಿಯ ಒಣಹವೆಗೆ ಬೋಗನ್‌ವಿಲ್ಲಾ, ಮಾರ್ಚಿನಿಂದ ಮೇವರೆಗೆ ಮಲ್ಲಿಗೆ, ಮೊದಲ ಮಳೆಗೆ ಮೇ ಫ್ಲವರ್, ಮುಂಗಾರಿನಲ್ಲಿ ಸುಗಂಧರಾಜ ಮತ್ತು ಕಾಬಾಳೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಡೇರೆ, ಅದರ ಜೊತೆಗೇ ಬೆಳಗಿನ ಜಾವ ಉದುರುವ ಪಾರಿಜಾತ, ನವೆಂಬರಿನಿಂದ ಸೇವಂತಿಗೆ. ಇವೆಲ್ಲದರ ನಡುವೆ ವರ್ಷವಿಡೀ ದೇವರ ಕೋಣೆಗೆ ಹೂ ಒದಗಿಸುವ ದಾಸವಾಳ, ನಂದಿಬಟ್ಟಲು, ಕನಕಾಂಬರ. ಹಿತ್ತಲಿನಲ್ಲಿ ಒಂದು ಕರಿಬೇವು, ಒಂದು ಚಪ್ಪರದ ಬಸಳೆ, ನೆರಳಿನ ಮೂಲೆಯಲ್ಲಿ ಒಂದೆಲಗ, ಬಚ್ಚಲ ನೀರು ಹರಿಯುವಲ್ಲಿ ಬಾಳೆ ಇದ್ದರೆ ಅಡುಗೆಮನೆಯ ಲೆಕ್ಕವೂ ಸರಿಹೋಗುತ್ತದೆ.

ಎಲ್ಲವನ್ನೂ ಒಂದೇ ವರ್ಷ ತರಬೇಕಾಗಿಲ್ಲ. ನರ್ಸರಿಗೆ ಹೋದಾಗ ಮೈತುಂಬ ಹೂವಿರುವ ಗಿಡವನ್ನು ಆರಿಸುವುದು ನಮ್ಮೆಲ್ಲರ ದೌರ್ಬಲ್ಯ. ಹೂವು ವಾರದಲ್ಲಿ ಉದುರುತ್ತದೆ. ನೋಡಬೇಕಾದದ್ದು ಬುಡದಿಂದ ಎಷ್ಟು ಕವಲು ಒಡೆದಿದೆ, ಎಲೆಯ ಹಿಂಬದಿಯಲ್ಲಿ ಹಿಟ್ಟು ತಿಗಣೆಯ ಬಿಳಿ ಅಂಟು ಇದೆಯೇ, ಚೀಲದ ತೂತುಗಳಿಂದ ಬೇರು ಹೊರಬಂದು ಸುತ್ತಿಕೊಂಡಿದೆಯೇ ಎಂಬುದನ್ನು. ಸಂಪಿಗೆಯಂತಹ ಮರಗಳಲ್ಲಿ ಕಸಿ ಗಿಡವನ್ನು ಕೇಳಿ ಪಡೆಯಬೇಕು, ಏಕೆಂದರೆ ಬೀಜದಿಂದ ಬಂದ ಸಂಪಿಗೆ ಹೂಬಿಡಲು ಹಲವು ವರ್ಷ ಕಾಯಿಸುತ್ತದೆ. ಕನಕಾಂಬರದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕನಕ, ಅರ್ಕಾ ಅಂಬರ ತಳಿಗಳೂ, ಸುಗಂಧರಾಜದಲ್ಲಿ ಅದೇ ಸಂಸ್ಥೆಯ ಅರ್ಕಾ ಪ್ರಜ್ವಲ್ ತಳಿಯೂ ಇವೆ.

ಮಕ್ಕಳು, ದನಕರುಗಳು ಓಡಾಡುವ ಅಂಗಳವಾದರೆ ಕಣಗಿಲೆ ಮತ್ತು ಅಗ್ನಿಶಿಖೆಗಳ ಬಗ್ಗೆ ಎಚ್ಚರಿಕೆ ಬೇಕು. ಕಣಗಿಲೆಯ ಎಲ್ಲ ಭಾಗಗಳೂ ವಿಷ. ಬೇಲಿಯಲ್ಲಿ ಹಬ್ಬಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆ ಮಾರಣಾಂತಿಕ ವಿಷ. ಅಗ್ನಿಶಿಖೆಯ ಗೆಡ್ಡೆಯನ್ನು ಗೆಣಸಿನ ಜೊತೆ ಒಂದೇ ಬುಟ್ಟಿಯಲ್ಲಿ ಎಂದಿಗೂ ಇಡಬಾರದು.

ಹೆಜ್ಜೆ 4: ನೆಡುವುದು, ಮತ್ತು ಮೊದಲ ವರ್ಷದ ತಾಳ್ಮೆ

ಮೃಗಶಿರ, ಆರಿದ್ರ ಮಳೆಗಳ ಹೊತ್ತು, ಅಂದರೆ ಜೂನ್ ಎರಡನೆಯ ವಾರದಿಂದ ಜುಲೈ ಮೊದಲ ವಾರದವರೆಗಿನ ಅವಧಿ, ನೆಡುವುದಕ್ಕೆ ಒಳ್ಳೆಯದು. ಗಾಳಿಯಲ್ಲಿ ತೇವವಿರುವುದರಿಂದ ಎಲೆಯಿಂದ ಆವಿಯಾಗುವ ನೀರು ಕಡಿಮೆ, ಬೇರಿಗೆ ಬಿಡುವು ಹೆಚ್ಚು. ಮಳೆ ಅತಿಯಾಗಿರುವ ಕಡೆ ಆರ್ಭಟ ತುಸು ಇಳಿಯುವವರೆಗೆ ತಡೆದು ನೆಟ್ಟರೆ ಕೊಳೆ ರೋಗದ ಭಯ ಇರುವುದಿಲ್ಲ.

ದಾಸವಾಳ, ಮಲ್ಲಿಗೆಗಳಂತಹ ಗಿಡಗಳಿಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ರಾಶಿ ಹಾಕಿ, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಬೇಕು. ಬಿಸಿ ಆರದ ಹಸಿ ಸಗಣಿಯನ್ನು ಗುಂಡಿಗೆ ಹಾಕಿದರೆ ಬೇರು ಬೇಯುತ್ತದೆ, ಗೆದ್ದಲೂ ಬರುತ್ತದೆ. ಆಳದ ವಿಚಾರದಲ್ಲಿ ಮತ್ತೆ ಜೀವದ ಜಾಗವೇ ಅಳತೆಗೋಲು. ಕಟ್ಟಿಗೆ ಕಾಂಡದ ಗಿಡವನ್ನು ಅದು ಚೀಲದಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟೇ ಆಳಕ್ಕೆ, ಕಸಿಯ ಗಂಟು ಮಣ್ಣಿಗೆ ತಾಗದಂತೆ ನೆಡಿ. ಜರ್ಬೆರಾದ ನಡುಬುಡ ಮಣ್ಣಿನಡಿ ಹೂತರೆ ಕೊಳೆಯುತ್ತದೆ, ಆದ್ದರಿಂದ ಅದನ್ನು ಮಣ್ಣಿಗಿಂತ ಕೂದಲೆಳೆಯಷ್ಟು ಮೇಲೆಯೇ ಇರಿಸಿ. ಮೇ ಫ್ಲವರ್ ಗೆಡ್ಡೆಯ ಕತ್ತು ಮಣ್ಣಿನಿಂದ ಇಣುಕುವಂತಿರಲಿ. ಡೇರೆ ಗೆಡ್ಡೆಗೆ ನಾಲ್ಕು ಬೆರಳು ಮಣ್ಣು ಮುಚ್ಚಿದರೆ ಸಾಕು. ಬೋಗನ್‌ವಿಲ್ಲಾದ ಬೇರು ಬಹಳ ಸೂಕ್ಷ್ಮ, ಅದರ ಮಣ್ಣಿನ ಹೆಂಟೆಯನ್ನು ಒಡೆಯದೆ ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯುವುದೇ ಸುರಕ್ಷಿತ.

ಮೊದಲ ವರ್ಷ ಗಿಡ ಮಾಡುವ ಕೆಲಸ ನಮಗೆ ಕಾಣುವುದಿಲ್ಲ, ಏಕೆಂದರೆ ಅದೆಲ್ಲ ನೆಲದ ಕೆಳಗೆ ನಡೆಯುತ್ತದೆ. ಎಳೆಯ ಮಲ್ಲಿಗೆಯ ಮೊದಲ ಮೊಗ್ಗುಗಳನ್ನು ಚಿವುಟಿ ಹಾಕಲು ಮನಸ್ಸು ಬರುವುದಿಲ್ಲ ಎಂಬುದು ನಿಜ, ಆದರೂ ಆರು ತಿಂಗಳವರೆಗೆ ಹಾಗೆ ಮಾಡಿದ ಗಿಡ ಎರಡನೆಯ ಬೇಸಿಗೆಯಲ್ಲಿ ಮೈತುಂಬ ಹೂಬಿಡುತ್ತದೆ.

ಹೆಜ್ಜೆ 5: ಕತ್ತರಿ ಹಿಡಿಯುವ ಧೈರ್ಯ

ಹೂವಿನ ಗಿಡ ಹಳೆಯದಾದಂತೆ ಹೂ ಕಡಿಮೆಯಾಯಿತು ಎಂಬ ದೂರನ್ನು ನಾನು ಕೇಳಿದ ಕಡೆಯಲ್ಲೆಲ್ಲ ಆ ಗಿಡವನ್ನು ವರ್ಷಗಳಿಂದ ಯಾರೂ ಸವರಿರಲಿಲ್ಲ. ಮಲ್ಲಿಗೆ, ಗುಲಾಬಿ, ದಾಸವಾಳ ಮೂರೂ ಹೊಸ ಚಿಗುರಿನ ಮೇಲೆ ಹೂಬಿಡುವ ಗಿಡಗಳು. ಹೊಸ ಚಿಗುರು ಬೇಕಾದರೆ ಹಳೆಯ ರೆಂಬೆ ಹೋಗಬೇಕು. ಶುಕ್ರವಾರ ಕತ್ತರಿಸಬಾರದು, ಬಸುರಿಯರು ಇರುವ ಮನೆಯಲ್ಲಿ ಕತ್ತರಿಸಬಾರದು ಎಂದು ದಿನ ಮುಂದೂಡುವವರೂ ಇದ್ದಾರೆ. ಅವರ ನಂಬಿಕೆಯನ್ನು ಪ್ರಶ್ನಿಸುವ ಗೋಜಿಗೆ ನಾನು ಹೋಗುವುದಿಲ್ಲ, ಆದರೆ ದುಂಡು ಮಲ್ಲಿಗೆಯ ವಿಷಯದಲ್ಲಿ ಮುಂದೂಡಿದ ದಿನ ನವೆಂಬರ್ ದಾಟದಿರಲಿ.

ದುಂಡು ಮಲ್ಲಿಗೆಯನ್ನು ಸವರುವ ಕಾಲ ನವೆಂಬರ್ ಕೊನೆಯ ವಾರ. ಅದಕ್ಕೆ ಎರಡು ವಾರ ಮೊದಲೇ ನೀರು ಕಡಿಮೆ ಮಾಡಿ, ಗಿಡ ತುಸು ಬಾಡಿದಂತೆ ಕಾಣತೊಡಗಿದಾಗ ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಎಲ್ಲ ರೆಂಬೆಗಳನ್ನೂ ಕತ್ತರಿಸಿ, ಒಣಗಿದ, ರೋಗ ಹಿಡಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡಕ್ಕೇ ತೆಗೆದು, ಉಳಿದ ಎಲೆಗಳನ್ನೂ ಕಿತ್ತುಹಾಕಬೇಕು. ಆಮೇಲೆ ಬುಡವನ್ನು ಅಗೆದು ಸಡಿಲಿಸಿ, ಗೊಬ್ಬರ ಕೊಟ್ಟು, ಪಾತಿ ಕಟ್ಟಿ ನೀರು ಆರಂಭಿಸಿದರೆ ಬೋಳುಕಡ್ಡಿಗಳ ಗಿಣ್ಣುಗಳಲ್ಲಿ ಮೊದಲು ಸಾಸಿವೆ ಕಾಳಿನಷ್ಟು ಹಸಿರು ಉಬ್ಬು ಕಾಣಿಸಿ, ಅದು ಜೋಡಿ ಎಲೆಯಾಗಿ, ಮಾರ್ಚಿನ ಹೊತ್ತಿಗೆ ತುದಿಯಲ್ಲಿ ಮೊಗ್ಗಿನ ಗೊಂಚಲಾಗುತ್ತದೆ. ಜಾಜಿಯನ್ನೂ ಸೂಜಿ ಮಲ್ಲಿಗೆಯನ್ನೂ ಇದಕ್ಕಿಂತ ತಡವಾಗಿ, ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯೊಳಗೆ ಸವರುವುದು ರೂಢಿ.

ಗುಲಾಬಿಗೆ ಮಳೆ ಹಿಂದೆ ಸರಿದ ಅಕ್ಟೋಬರ್ ಒಳ್ಳೆಯದು; ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ. ಹೊರಮುಖವಾಗಿರುವ ಗಿಣ್ಣಿನ ಕಾಲಂಗುಲ ಮೇಲೆ, ನೀರು ಗಿಣ್ಣಿನ ಕಡೆಗೆ ಇಳಿಯದಂತೆ ಓರೆಯಾಗಿ ಕತ್ತರಿಸಿದರೆ ಗಿಡ ಹೊರಕ್ಕೆ ಹರಡಿ ನಡುವೆ ಗಾಳಿಯಾಡುತ್ತದೆ. ಕಸಿಯ ಗಂಟಿನ ಕೆಳಗಿನಿಂದ ಭರ್ರೆಂದು ಮೇಲೇಳುವ ಚಿಗುರನ್ನು ಕಂಡು ಸಂತೋಷಪಡಬೇಡಿ. ಅದು ತಾಯಿಬೇರಿನ ಕಾಡುಗುಲಾಬಿ. ಬಿಟ್ಟರೆ ಒಂದೇ ವರ್ಷದಲ್ಲಿ ಕಸಿಯ ಭಾಗವನ್ನು ನುಂಗಿ ಹಾಕುತ್ತದೆ. ದಾಸವಾಳವನ್ನು ಮುಂಗಾರಿನ ಆರಂಭದಲ್ಲಿ ಮೂರನೆಯ ಒಂದು ಭಾಗದಷ್ಟು ಕತ್ತರಿಸಿದರೆ ಸಾಕು, ಕತ್ತರಿಸಿದ ಕಡ್ಡಿಗಳೇ ಹೊಸ ಗಿಡಗಳೂ ಆಗುತ್ತವೆ: ಪೆನ್ಸಿಲಿನ ದಪ್ಪದ, ಒಂದು ಗೇಣು ಉದ್ದದ ಕಡ್ಡಿಯಲ್ಲಿ ಎರಡು ಗಿಣ್ಣು ಮಣ್ಣಿನೊಳಗೆ, ಎರಡು ಹೊರಗೆ ಇರುವಂತೆ ನೆರಳಿನಲ್ಲಿ ನೆಟ್ಟರಾಯಿತು.

ಪಾರಿಜಾತದಂತೆ ಮಳೆಗಾಲದ ಕೊನೆಗೆ ಹೂಬಿಡುವವನ್ನು ಹೂ ಮುಗಿದ ನಂತರ ಸವರಿ. ಆಗಸ್ಟಿನಲ್ಲಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಕಾಬಾಳೆಯ ಒಂದೊಂದು ದಂಟೂ ಒಂದೇ ಬಾರಿ ಹೂಬಿಡುವುದರಿಂದ ಹೂ ಮುಗಿದ ದಂಟನ್ನು ನೆಲಮಟ್ಟಕ್ಕೆ ಕೊಯ್ದರೆ ಪಕ್ಕದ ಮೊಳಕೆಗೆ ಬೆಳಕು ಸಿಗುತ್ತದೆ. ಕರಿಬೇವನ್ನು ಎಲೆ ಎಲೆಯಾಗಿ ಕೀಳುವ ಅಭ್ಯಾಸವನ್ನು ಬಿಟ್ಟು, ಕುಡಿ ಸಮೇತ ಮುರಿದುಕೊಳ್ಳಿ. ಕುಡಿ ಮುರಿದಲ್ಲಿ ಎರಡು ಮೂರು ಕವಲೊಡೆದು ಗಿಡ ಪೊದೆಯಾಗುತ್ತದೆ.

ಹೆಜ್ಜೆ 6: ಗೆಡ್ಡೆ ಕೀಳುವುದು, ಪಾಲು ಮಾಡುವುದು

ಇದನ್ನು ಡೇರೆಯ ಮೂಲಕವೇ ಹೇಳುತ್ತೇನೆ, ಏಕೆಂದರೆ ಡೇರೆಯಲ್ಲಿ ಕೈ ಪಳಗಿದವರಿಗೆ ಉಳಿದ ಗೆಡ್ಡೆಗಳು ಸುಲಭ. ಮೆಕ್ಸಿಕೊ ಮೂಲದ ಈ ಹೂವು ಮಲೆನಾಡಿನ ಅಂಗಳಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಸಾಗರ, ಸಿರ್ಸಿ, ತೀರ್ಥಹಳ್ಳಿಗಳ ಕಡೆ ನೆಂಟರ ಮನೆಗೆ ಹೋದ ಹೆಂಗಸರು ಮರಳುವಾಗ ಕೈಚೀಲದಲ್ಲಿ ಯಾವುದೋ ಹೊಸ ಬಣ್ಣದ ಡೇರೆ ಗೆಡ್ಡೆ ಇರುವುದು ತೀರಾ ಸಾಮಾನ್ಯ.

ಹೂವಿನ ಕಾಲ ಮುಗಿದು ಗಿಡ ಹಳದಿಯಾದ ಮೇಲೆ, ನವೆಂಬರ್ ಅಥವಾ ಡಿಸೆಂಬರಿನಲ್ಲಿ, ಕಾಂಡವನ್ನು ಅರ್ಧ ಗೇಣು ಬಿಟ್ಟು ಕತ್ತರಿಸಿ, ಒಂದೆರಡು ವಾರ ನೀರು ಕೊಡದೆ ಬಿಡಿ. ಆಮೇಲೆ ಬುಡದಿಂದ ಒಂದಡಿ ದೂರದಲ್ಲಿ ಸುತ್ತಲೂ ಗುದ್ದಲಿ ಊರಿ ಮಣ್ಣನ್ನು ಸಡಿಲಿಸಿ, ಇಡೀ ಗೊಂಚಲನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಎತ್ತಬೇಕು. ಕಾಂಡವನ್ನು ಹಿಡಿದು ಎಳೆದರೆ ಗೆಡ್ಡೆಗಳ ಸಣ್ಣ ಕತ್ತು ಮುರಿಯುತ್ತದೆ, ಅಲ್ಲಿಗೆ ಕೆಲಸ ಕೆಟ್ಟಿತು. ಆಲೂಗಡ್ಡೆಯ ಕಣ್ಣು ಗೆಡ್ಡೆಯ ಮೈಮೇಲೆಲ್ಲ ಇರುತ್ತದೆ; ಡೇರೆಯ ಕಣ್ಣು ಗೆಡ್ಡೆಯ ಮೇಲೆ ಇರುವುದೇ ಇಲ್ಲ, ಕತ್ತು ಹಳೆಯ ಕಾಂಡಕ್ಕೆ ಅಂಟಿಕೊಂಡಿರುವ ಆ ಉಂಗುರದಲ್ಲಿ ಮಾತ್ರ ಇರುತ್ತದೆ. ಕಾಂಡದ ಚೂರಿಲ್ಲದೆ ಮುರಿದು ಬಂದ ಗೆಡ್ಡೆ ಎಷ್ಟೇ ದಪ್ಪವಾಗಿದ್ದರೂ ಮೊಳೆಯುವುದಿಲ್ಲ. ಪುಗಸಟ್ಟೆ ಸಿಕ್ಕಿತೆಂದು ಅಂತಹ ಬೋಳು ಗೆಡ್ಡೆಗಳನ್ನು ತಂದು ನೆಟ್ಟು, ಎರಡು ತಿಂಗಳು ನೀರು ಹಾಕಿದವರಲ್ಲಿ ನಾನೂ ಒಬ್ಬ.

ಕಿತ್ತ ಗೊಂಚಲನ್ನು ತಲೆಕೆಳಗಾಗಿ ಎರಡು ದಿನ ನೆರಳಿನಲ್ಲಿ ಇಟ್ಟರೆ ಟೊಳ್ಳು ಕಾಂಡದೊಳಗಿನ ನೀರು ಬಸಿದುಹೋಗುತ್ತದೆ. ನಂತರ ಮಣ್ಣು ಕೊಡವಿ, ಒಣ ಮರಳು ಅಥವಾ ಒಲೆಯ ಬೂದಿ ಹಾಕಿದ ಡಬ್ಬದಲ್ಲಿ, ಮುಚ್ಚಳ ಬಿಗಿಯದೆ, ಅಟ್ಟದಂತಹ ತಂಪಾದ ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ, ಸುಕ್ಕು ಹೆಚ್ಚಾಗಿದ್ದರೆ ಮರಳಿಗೆ ಒಂದು ಚಿಮುಕು ನೀರು, ಕೊಳೆತ ಭಾಗ ಕಂಡರೆ ಚಾಕುವಿನಿಂದ ಕೆತ್ತಿ ತೆಗೆದು ಬೂದಿ ಸವರುವುದು, ಇಷ್ಟೇ ಆರೈಕೆ. ಮೇ ತಿಂಗಳಲ್ಲಿ ಕತ್ತಿನ ಉಂಗುರದಲ್ಲಿ ಗುಲಾಬಿ ಬಣ್ಣದ ಸಣ್ಣ ಉಬ್ಬುಗಳು ಕಾಣಿಸುತ್ತವೆ. ಪಾಲು ಮಾಡಬೇಕಾದದ್ದು ಆಗ. ಪ್ರತಿ ತುಂಡಿನಲ್ಲೂ ಒಂದು ಗೆಡ್ಡೆ, ಒಂದು ಕಣ್ಣು ಇರುವಂತೆ ಸೀಳಿ, ಗಾಯಕ್ಕೆ ಬೂದಿ ಅಥವಾ ಅರಿಶಿನ ಹಚ್ಚಿ ಒಂದು ದಿನ ಒಣಗಿಸಿ ನೆಡಬೇಕು. ಆಸರೆಯ ಕೋಲನ್ನು ಗೆಡ್ಡೆ ಇಡುವ ಮೊದಲೇ ಊರಿ. ಗಿಡ ಎದ್ದ ಮೇಲೆ ಊರಿದರೆ ಕೋಲು ಗೆಡ್ಡೆಯನ್ನೇ ಚುಚ್ಚುತ್ತದೆ. ನಾಲ್ಕು ಜೋಡಿ ಎಲೆ ಬಂದಾಗ ಕುಡಿ ಚಿವುಟಿ. ಚಿವುಟಿದ ಕುಡಿಯನ್ನೂ ಮಳೆಯ ತೇವದಲ್ಲಿ ನೆಟ್ಟರೆ ಬೇರು ಬಿಡುತ್ತದೆ ಎಂಬುದು ಮಲೆನಾಡಿನ ಅಜ್ಜಿಯರಿಗೆಲ್ಲ ಗೊತ್ತು.

ಸುಗಂಧರಾಜವನ್ನು ಪ್ರತಿ ವರ್ಷ ಕೀಳಬೇಕಾಗಿಲ್ಲ. ಅದರ ಒಂದು ಗೆಡ್ಡೆ ಒಂದೇ ಬಾರಿ ಹೂಬಿಡುತ್ತದೆ, ಆಮೇಲೆ ಸುತ್ತಲಿನ ಮರಿಗೆಡ್ಡೆಗಳ ಸರದಿ. ಎರಡು ಮೂರು ವರ್ಷಕ್ಕೆ ಬುಡ ಗಿಜಿಗುಟ್ಟಿ ದಂಟುಗಳು ತೆಳುವಾದಾಗ ಕಿತ್ತು, ದೊಡ್ಡ ಗೆಡ್ಡೆಗಳನ್ನು ಮಾತ್ರ ಹೊಸ ಮಡಿಯಲ್ಲಿ ನೆಟ್ಟರೆ ಸಾಕು. ಸೇವಂತಿಗೆಯಲ್ಲಿ ಹೂ ಮುಗಿದ ದಂಟನ್ನು ನೆಲಮಟ್ಟಕ್ಕೆ ಕೊಯ್ದರೆ ಬುಡದ ಸುತ್ತ ಹಿಳ್ಳುಗಳು ಏಳುತ್ತವೆ. ಹಳೆಯ ಬುಡವನ್ನು ಎಸೆದು, ಹೊರಸುತ್ತಿನ ಬೇರುಸಹಿತ ಹಿಳ್ಳುಗಳನ್ನು ಮುಂಗಾರಿನಲ್ಲಿ ನೆಡುವುದು ಕ್ರಮ.

ಹೆಜ್ಜೆ 7: ನೀರು ಮತ್ತು ಗೊಬ್ಬರ

ಎಚ್ಚರವಿರುವ ಗಿಡಕ್ಕೆ ದಿನವೂ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬೇರಿನ ಆಳದವರೆಗೆ ಇಳಿಯುವಂತೆ ನೀರು ಕೊಡುವುದು ಲೇಸು. ಮೇಲೆ ಮೇಲೆ ನೀರು ಕುಡಿದ ಬೇರು ಮೇಲೆಯೇ ಉಳಿದು ಮೊದಲ ಬಿಸಿಲಿಗೆ ಸೋಲುತ್ತದೆ. ಮಣ್ಣಿನೊಳಗೆ ಎರಡು ಅಂಗುಲ ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಕೊಡಿ. ಮಲಗಿದ ಗೆಡ್ಡೆಗೆ ನೀರೇ ಬೇಡ. ಮೇ ಫ್ಲವರ್ ಎಲೆ ಹಳದಿಯಾಗಿ ಒಣಗುವವರೆಗೆ ಕಾಯಿರಿ, ಏಕೆಂದರೆ ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರ ಆ ಎಲೆಯಿಂದಲೇ ಗೆಡ್ಡೆಗೆ ಇಳಿಯುತ್ತಿರುತ್ತದೆ. ಒಣಗಿದ ಮೇಲೆ ಕುಂಡವನ್ನು ಮಳೆಹನಿ ತಾಗದ ಮೂಲೆಗೆ ಸರಿಸಿ ಮರೆತುಬಿಡಿ. ಬೋಗನ್‌ವಿಲ್ಲಾವೂ ನೀರು ಕಡಿಮೆಯಾದಾಗಲೇ ಬಣ್ಣ ತುಂಬಿಕೊಳ್ಳುವ ಗಿಡ.

ಗೊಬ್ಬರ ವರ್ಷಕ್ಕೆ ಎರಡು ಬಾರಿ ಸಾಕು: ಸವರಿದ ನಂತರ ಒಮ್ಮೆ, ಮುಂಗಾರಿನ ಆರಂಭದಲ್ಲಿ ಒಮ್ಮೆ. ಬೇಸಿಗೆಯಲ್ಲಿ ತರಗೆಲೆಯ ಎರಡು ಮೂರು ಅಂಗುಲ ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹಾಸಿ. ಕನಕಾಂಬರದ ಬೇರಿಗೆ ಜಂತುಹುಳುವಿನ (ನೆಮಟೋಡ್) ಕಾಟ ಹೆಚ್ಚು, ಅದಕ್ಕೆ ಬೇವಿನ ಹಿಂಡಿಯ ಜೊತೆಗೆ ಪಕ್ಕದಲ್ಲಿ ಚೆಂಡುಹೂ ನೆಡುವುದು ಸರಳ ಉಪಾಯ. ದಾಸವಾಳದ ಕುಡಿಗೆ ಹಿಟ್ಟು ತಿಗಣೆ ಬಂದರೆ ಮೊದಲು ಪೈಪಿನ ನೀರನ್ನು ರಭಸದಿಂದ ನೇರವಾಗಿ ಹಾಯಿಸಿ ತೊಳೆದು, ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ತುಸು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಹೆಜ್ಜೆ 8: ಕುಂಡ, ವಯಸ್ಸು, ಮತ್ತು ಒಂದು ಬಿದಿರುಕಡ್ಡಿ

ಕುಂಡದಲ್ಲಿರುವ ಬಹುವಾರ್ಷಿಕ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ ಬೇರಿನ ತಪಾಸಣೆ ಬೇಕು. ಹಾಕಿದ ನೀರು ನಿಲ್ಲದೆ ಅಂಚಿನಿಂದ ಜಾರಿ ತಳದ ತೂತಿನಲ್ಲಿ ಸುರಿಯುತ್ತಿದ್ದರೆ ಒಳಗೆ ಮಣ್ಣಿಗಿಂತ ಬೇರೇ ಹೆಚ್ಚಾಗಿದೆ ಎಂದು ತಿಳಿಯಬೇಕು. ಗಿಡವನ್ನು ಹೊರತೆಗೆದು, ಚಾಪೆಯಂತೆ ಸುತ್ತಿಕೊಂಡ ಹೊರಬೇರನ್ನು ಎರಡು ಅಂಗುಲ ಕತ್ತರಿಸಿ, ಅದೇ ಪ್ರಮಾಣದಲ್ಲಿ ಮೇಲಿನ ರೆಂಬೆಗಳನ್ನೂ ಇಳಿಸಿ, ಹೊಸ ಮಣ್ಣು ತುಂಬಿ ಮರಳಿ ನೆಡಿ. ಒಂದು ವಾರ ನೆರಳಿನಲ್ಲಿಡಿ.

ಬಹುವಾರ್ಷಿಕ ಎಂದ ಮಾತ್ರಕ್ಕೆ ಚಿರಂಜೀವಿಯಲ್ಲ. ತುಳಸಿ, ನಿತ್ಯಪುಷ್ಪ, ಕನಕಾಂಬರಗಳು ಎರಡು ಮೂರು ವರ್ಷಕ್ಕೆ ಕಟ್ಟಿಗೆಯಾಗಿ ಸೊರಗುವುದು ಅವುಗಳ ಸ್ವಭಾವ, ನಿಮ್ಮ ಆರೈಕೆಯ ದೋಷವಲ್ಲ. ಇವುಗಳಿಂದ ಪ್ರತಿ ವರ್ಷ ಒಂದಿಷ್ಟು ಬೀಜ ಅಥವಾ ಎರಡು ಕಡ್ಡಿ ತೆಗೆದು ಮರಿ ಮಾಡಿಕೊಳ್ಳಿ. ತುಳಸಿಯ ತೆನೆಯನ್ನು ಒಣಗುವ ಮೊದಲೇ ಚಿವುಟುತ್ತಿದ್ದರೆ ಅದರ ಆಯುಷ್ಯ ತುಸು ಹೆಚ್ಚುತ್ತದೆ. ದಾಸವಾಳ, ಪಾರಿಜಾತ, ನಂದಿಬಟ್ಟಲುಗಳಾದರೆ ನೆಟ್ಟವರ ಮೊಮ್ಮಕ್ಕಳಿಗೂ ಹೂ ಕೊಡಬಲ್ಲವು.

ಮಲಗುವ ಗಿಡಗಳ ಜಾಗವನ್ನು ಗುರುತು ಮಾಡಿಡುವುದು ಕೊನೆಯ ಕೆಲಸ. ಎಲೆ ಒಣಗುವ ಮೊದಲೇ ಬುಡದ ಪಕ್ಕದಲ್ಲಿ, ಗೆಡ್ಡೆಗೆ ತಾಗದಷ್ಟು ದೂರದಲ್ಲಿ, ಒಂದು ಬಿದಿರುಕಡ್ಡಿ ಊರಿ, ಅದಕ್ಕೆ ಹಳೆಯ ಪ್ಲಾಸ್ಟಿಕ್ ಡಬ್ಬದ ಚೂರು ಕಟ್ಟಿ, ಗಿಡದ ಹೆಸರನ್ನೂ ಮಲಗಿದ ತಿಂಗಳನ್ನೂ ಬರೆದಿಡಿ. ಮಾರ್ಕರ್ ಪೆನ್ನಿನ ಶಾಯಿ ಒಂದೇ ಬೇಸಿಗೆಗೆ ಅಳಿಸಿಹೋಗುತ್ತದೆ. ಪೆನ್ಸಿಲಿನಿಂದ ಒತ್ತಿ ಬರೆದದ್ದು ಎರಡು ಮಳೆಗಾಲ ಬಾಳುತ್ತದೆ. ನಮ್ಮ ತಾರಸಿಯಲ್ಲಿ ಈಗ ಅಂತಹ ಹನ್ನೊಂದು ಕಡ್ಡಿಗಳಿವೆ, ಮತ್ತು ಜನವರಿಯಲ್ಲಿ ಗುದ್ದಲಿ ಹಿಡಿಯುವ ಮೊದಲು ನಾನು ಅವನ್ನು ಎಣಿಸುತ್ತೇನೆ.